ನೆನೆದವರು ಕೆರೆ ಏರಿಗೆ ಬರಬೇಕು

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಾನು ಕುಡಿದದ್ದು ಎದ್ದ ಕೂಡಲೆ ಒಂದು ಲೋಟ ಕಾಫಿ, ಆಮೇಲೆ ಗುಡ್ಡೆ ಬಾಡು ಹಾಕುವ ಜಾಗದಲ್ಲಿ ಯಾರೋ ಕೊಟ್ಟ ಮಜ್ಜಿಗೆ. ಅಷ್ಟೇ. ದೇವರ ಮೇಲೆ ಆಣೆ ಮಾಡಿ ಹೇಳುತ್ತೇನೆ. ಆದರೂ ವ್ಯಾನು ಕೆರೆ ಏರಿಯ ತಿರುವಿಗೆ ಬರುವ ಹೊತ್ತಿಗೆ ಸ್ಟೇರಿಂಗು ಕೈಯಲ್ಲಿ ರಾಗಿಮುದ್ದೆಯ ಹಾಗೆ ಮೆತ್ತಗಾಗಿತ್ತು. ರಸ್ತೆ ಬದಿಯ ಲೈಟುಕಂಬಗಳು ಒಂದೊಂದಾಗಿ ಬಗ್ಗಿ ನನಗೆ ನಮಸ್ಕಾರ ಮಾಡುತ್ತಿದ್ದವು. ತಿರುಗಿ ನಮಸ್ಕಾರ ಮಾಡದಿದ್ದರೆ ಏನಂದುಕೊಳ್ಳುತ್ತವೋ ಎಂದು ನಾನು ಒಂದು ಕೈ ಎತ್ತಿಯೂ ಬಿಟ್ಟೆ. ಆಗ ಗೊತ್ತಾಯಿತು. ಯಾರೋ ಎಲ್ಲೋ ಕೂತು ನನ್ನನ್ನು ನೆನೆದುಕೊಂಡು ಕುಡಿಯುತ್ತಿದ್ದರು.

ನಮ್ಮೂರಲ್ಲಿ ಹಬ್ಬದ ದಿನದ ಕುಡಿತ ಹಾಗೆ. ಮಿಕ್ಕ ದಿನ ಕುಡಿದವನಿಗೇ ಏರುತ್ತದೆ, ಎಲ್ಲ ಊರಿನಂತೆ. ಹಬ್ಬದ ದಿನ ಮಾತ್ರ, ಕುಡಿಯುವಾಗ ಮನಸ್ಸಿನಲ್ಲಿ ಯಾರಿರುತ್ತಾರೋ ಅವರಿಗೆ ಏರುತ್ತದೆ. ಕುಡಿದವನು ಬಾಯಲ್ಲಿ ವಾಸನೆಯನ್ನಷ್ಟೇ ಹೊತ್ತುಕೊಂಡು ನೆಟ್ಟಗೆ ಮನೆಗೆ ನಡೆದು ಹೋಗುತ್ತಾನೆ. ಅತ್ತ ಬಟ್ಟೆ ಒಗೆಯುತ್ತಿದ್ದ ಅವನ ಚಿಕ್ಕಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ಹಾಡತೊಡಗುತ್ತಾಳೆ. ಪ್ರೀತಿಯಿಂದ ನೆನೆದರೂ ಅಷ್ಟೇ, ಸಿಟ್ಟಿನಿಂದ ನೆನೆದರೂ ಅಷ್ಟೇ. ಅದಕ್ಕೇ ಮರ್ಯಾದಸ್ಥರು ತೀರಿಕೊಂಡವರನ್ನು ನೆನೆದು ಕುಡಿಯುತ್ತಾರೆ, ಅವರೇನೂ ಗಾಡಿ ಓಡಿಸಬೇಕಾಗಿಲ್ಲವಲ್ಲ. ಹಬ್ಬ ಬಂತೆಂದರೆ ವೈನ್ ಶಾಪಿನವರು ಯಾವುದೋ ಹಳೆಯ ಕಾಲದ ರಾಜನ ಪಟವನ್ನು ಗೋಡೆಗೆ ತೂಗುಹಾಕಿ, ಅದನ್ನೇ ನೋಡಿಕೊಂಡು ಕುಡಿಯಿರಪ್ಪಾ ಎನ್ನುತ್ತಾರೆ. ಆದರೆ ಮನಸ್ಸು ಪಟದ ಮೇಲೆ ಎಷ್ಟು ಹೊತ್ತು ನಿಂತೀತು?

ಪೊಲೀಸರ ಪಾಡು ಇನ್ನೂ ಕಷ್ಟ. ಹಿಂದೆಲ್ಲ ಹಬ್ಬದ ದಿನ ನಮ್ಮೂರಿನ ಠಾಣೆಯವರೇ ತಪಾಸಣೆಗೆ ನಿಲ್ಲುತ್ತಿದ್ದರು. ಅವರ ಕೈಗೆ ಸಿಕ್ಕಿಬಿದ್ದವರೆಲ್ಲ ಮನೆಗೆ ಹೋಗಿ ಅವರನ್ನೇ ಬೈದುಕೊಂಡು ಕುಡಿಯುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಬ್ಯಾರಿಕೇಡಿಗೆ ಒರಗಿ ನಿದ್ದೆ ಹೋಗುತ್ತಿದ್ದದ್ದು ಪೊಲೀಸರೇ. ಈಗ ದೂರದ ಊರುಗಳಿಂದ, ಯಾರಿಗೂ ಮುಖ ಪರಿಚಯವಿಲ್ಲದವರನ್ನು ಕರೆಸುತ್ತಾರೆ. ಹೆಸರಿನ ಬಿಲ್ಲೆ ಕಾಣದಂತೆ ಅದರ ಮೇಲೆ ಬಟ್ಟೆ ಕಟ್ಟಿಕೊಂಡಿರುತ್ತಾರೆ.

ನನ್ನ ವ್ಯಾನು ನಿಲ್ಲಿಸಿದ ಹವಾಲ್ದಾರ ಅಂಥವನೇ. ಬಡಗಣ ಸೀಮೆಯವನು. ಏರಿಯ ಮೇಲೆ ಹುಣಸೆಮರದ ಕೆಳಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು. ಬ್ಯಾರಿಕೇಡಿಗೆ ಯಾರೋ ಹಿಂದಿನ ದಿನ ಯುಗಾದಿಗೆಂದು ಕಟ್ಟಿದ ಮಾವಿನೆಲೆ ಬಾಡಿ ಸುರುಟಿಕೊಂಡು ನೇತಾಡುತ್ತಿತ್ತು.

"ಅಕ್ಕಾರ, ಗಾಡಿ ಬಾಜೂಕ ಹಚ್ರಿ. ಇದರಾಗ ಊದ್ರಿ."

ಊದಿದೆ. ಮಿಷನ್ನು ಕಿರುಚಿತು. ಅವನು ಅದನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡಿದ. ನನ್ನ ವಯಸ್ಸು, ಹತ್ತಿಯ ಸೀರೆ, ಹಣೆಯ ಮೇಲಿನ ವಿಭೂತಿ, ವ್ಯಾನಿನ ಮೇಲೆ ಬರೆದ ಸ್ಕೂಲಿನ ಹೆಸರು ಎಲ್ಲ ನೋಡಿದ.

"ನಾನು ಕುಡ್ದಿಲ್ಲ ಕಣಣ್ಣ," ಅಂದೆ. ನಾಲಗೆ ದಪ್ಪಗಾಗಿ 'ಕಣಣ್ಣ' ಎನ್ನುವುದರಲ್ಲಿ ಎಷ್ಟು ಣಕಾರ ಬಂದವೋ ಗೊತ್ತಿಲ್ಲ.

"ಮುಂಜಾನಿಂದ ಎಲ್ಲಾರೂ ಅದನ್ನ ಹೇಳಾಕತ್ತಾರ್ರೀ. ನಿಮ್ಮ ಊರಿನ ಕತಿ ನನಗ ತಿಳೀವಲ್ದು. ಕುಡದವರು ಗಾಡಿ ಹೊಡಕೊಂಡು ಹೊಂಟಾರ, ಕುಡೀದವರು ಇಲ್ಲಿ ಕುಂತು ಅಳಾಕತ್ತಾರ."

ಹಿಂದುಗಡೆ ವ್ಯಾನಿನಲ್ಲಿ ಹೊಸ ಗೋಣಿತಾಟಿನ ಮೇಲೆ ಮುತ್ತುಗದ ಎಲೆ ಹಾಸಿ, ನಮ್ಮ ಬೀದಿಯ ಎಲ್ಲರ ಪಾಲಿನ ಬಾಡು ಕಟ್ಟಿಟ್ಟಿತ್ತು. ಊರಾಚೆ ತೋಪಿನಲ್ಲಿ ಕುರಿ ಕಡಿದು ಗುಡ್ಡೆ ಹಾಕಿ ಹಂಚುವುದು, ಸ್ಕೂಲಿಗೆ ರಜೆಯಾದ್ದರಿಂದ ನಾನು ಹೋಗಿ ತರುವುದು, ಮಾಮೂಲು. ಬೀದಿಯಲ್ಲಿ ಮಸಾಲೆ ರುಬ್ಬಿಟ್ಟುಕೊಂಡು ಎಲ್ಲರೂ ಕಾಯುತ್ತಿದ್ದರು. ಚೈತ್ರದ ಬಿಸಿಲು ವ್ಯಾನಿನ ತಗಡನ್ನು ಕಾಯಿಸುತ್ತಿತ್ತು.

ಈ ವ್ಯಾನು ನನ್ನ ಗಂಡ ಮರಿಸ್ವಾಮಿಯದು. ಅವರು ತೀರಿಕೊಂಡ ಮೇಲೆ ಎಲ್ಲರೂ ಮಾರು ಅಂದರು. ನಾನು ಮಾರಲಿಲ್ಲ, ಓಡಿಸುವುದನ್ನು ಕಲಿತೆ. ನಾನು ಮೊದಲ ಸಲ ಡ್ರೈವರ್ ಸೀಟಿಗೆ ಹತ್ತಿದ ದಿನ ಅತ್ತೆ ಹೊಂಬಾಳಮ್ಮ ತಮ್ಮ ಟ್ರಂಕು ತೆಗೆದುಕೊಂಡು ಮಗಳು ಮಹದೇವಿಯ ಮನೆಗೆ ಹೊರಟುಹೋದರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಎದುರು ಸಿಕ್ಕರೆ ಅವರು ಸೆರಗು ಸರಿಮಾಡಿಕೊಂಡು ಅಂಗಡಿ ಬೋರ್ಡುಗಳನ್ನು ಓದುವವರ ಹಾಗೆ ಮುಖ ಎತ್ತಿಕೊಂಡು ಹೋಗುತ್ತಾರೆ. ಅವರಿಗೆ ಓದು ಬರುವುದಿಲ್ಲ. ಹೀಗಿರುವಾಗ ನನ್ನ ಮೇಲೆ ಕುಡಿದು ಓಡಿಸಿದ ಕೇಸು ಬಿದ್ದರೆ ಸ್ಕೂಲಿನ ಕಮಿಟಿಯವರು ಮಕ್ಕಳನ್ನು ನನ್ನ ವ್ಯಾನು ಹತ್ತಿಸುವುದಿಲ್ಲ. ಹೆಂಗಸಿಗೆ ಈ ಕೆಲಸ ಆಗಿಬರುವುದಿಲ್ಲ ಎಂದು ಅತ್ತೆ ಅಂದಿದ್ದೇ ನಿಜವಾಗುತ್ತದೆ.

ಹವಾಲ್ದಾರ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಲ್ಲಿಸಿದ್ದ ಹಳದಿ ಬೋರ್ಡನ್ನು ಓದತೊಡಗಿದ. ಅದು 'ಚಾಲಕರ ಹಕ್ಕುಗಳು' ಎಂಬ ಬೋರ್ಡು. ಹಬ್ಬದ ದಿನ ಹಿಡಿದವರಿಗೆ ಅದನ್ನು ಓದಿ ಹೇಳದೆ ಬೀಗದ ಕೈ ಕಿತ್ತುಕೊಳ್ಳುವ ಹಾಗಿಲ್ಲ. ಯಾವುದೋ ಕಾಲದಲ್ಲಿ ನಮ್ಮೂರಿನ ವಕೀಲರೊಬ್ಬರು, ತಮ್ಮ ಅಳಿಯ ಕುಡಿದದ್ದಕ್ಕೆ ತಾವು ಸಿಕ್ಕಿಬಿದ್ದ ಸಿಟ್ಟಿನಲ್ಲಿ, ಕೋರ್ಟಿಗೆ ಹೋಗಿ ತಂದ ಹಕ್ಕುಗಳು. ಮಿಷನ್ನು ತೋರಿಸಿದ್ದನ್ನು ಚಾಲಕರು ತಮ್ಮ ಕಣ್ಣಿಂದ ನೋಡಬಹುದು. ನೆರಳಲ್ಲಿ ಕೂತು ಸುಧಾರಿಸಿಕೊಂಡು ಮತ್ತೊಮ್ಮೆ ಊದಬಹುದು. ತನ್ನನ್ನು ನೆನೆದು ಕುಡಿದವರನ್ನು ಮೈಕಿನಲ್ಲಿ ಕೂಗಿಸಿ ಕರೆಸಬಹುದು. ಬಂದವರ ಬಾಯಲ್ಲಿ ವಾಸನೆಯಿದ್ದು ಮಿಷನ್ನಿನಲ್ಲಿ ಸೊನ್ನೆ ಬಂದರೆ ಕೇಸು ಅವರ ತಲೆಗೆ. ಕೂಗಿಸುವುದು ಬೇಡವೆಂದರೆ ಬೇಡವೆನ್ನಬಹುದು, ನಿನ್ನನ್ನು ನೆನೆಯುವವರು ಯಾರಿದ್ದಾರೆ ಎಂದು ಚಾಲಕರನ್ನು ಯಾರೂ ಕೇಳುವಂತಿಲ್ಲ. ಕೊನೆಯ ಸಾಲನ್ನು ಮಳೆ ತೊಳೆದುಬಿಟ್ಟಿತ್ತು. ಹವಾಲ್ದಾರ ಅದರ ಮೇಲೆ ಬೆರಳಾಡಿಸಿ ಬಿಟ್ಟುಬಿಟ್ಟ.

"ಅದರಲ್ಲಿ ಏನಿತ್ತು?" ಅಂದೆ.

"ಏನರ ಇರಲಿ ಬಿಡ್ರಿ. ಇದ್ದದ್ದರಾಗ ಒಂದು ಆರಿಸ್ಕೊರ್ರಿ."

ಪಕ್ಕದ ಕುರ್ಚಿಯಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು ತಮ್ಮ ಬೆರಳುಗಳನ್ನು ಎಣಿಸುತ್ತ, ಒಂದು ಹೆಚ್ಚಿದೆಯಲ್ಲ ಎಂದು ಚಿಂತೆ ಮಾಡುತ್ತಿದ್ದರು. ಅವರು ತಲೆಯೆತ್ತಿ, "ಕೊನೇ ಸಾಲಲ್ಲಿ ಕುಡಿದವರನ್ನ ಚಾಲಕರು ಎರಡೇಟು ಹೊಡೀಬಹುದು ಅಂತಿತ್ತಮ್ಮಾ," ಅಂದು ಮತ್ತೆ ಎಣಿಕೆಗೆ ಇಳಿದರು.

ನಾನು ಮತ್ತೊಮ್ಮೆ ಊದುತ್ತೇನೆ ಅಂದೆ. ಮೈಕು ಬೇಡವೇ ಬೇಡ ಅಂದೆ. ಗಂಡನಿಲ್ಲದ ಹೆಂಗಸಿನ ಹೆಸರು ಹಿಡಿದು, ಇವಳನ್ನು ನೆನೆದು ಕುಡಿದವರು ಬನ್ನಿ ಎಂದು ಊರ ತುಂಬ ಕೂಗುವುದೆಂದರೇನು? ಯಾರಾದರೂ ಬಂದುಬಿಟ್ಟರೆ ಏನು ಗತಿ ಎನ್ನುವುದೊಂದು ಭಯ. ಯಾರೂ ಬರದೆ ಹೋದರೆ ಎನ್ನುವುದು ಇನ್ನೊಂದು ಭಯ. ಎರಡರಲ್ಲಿ ಯಾವುದು ದೊಡ್ಡದೆಂದು ತೂಗಿ ನೋಡಲು ಹೋದೆ. ತಕ್ಕಡಿಯೇ ತಿರುಗತೊಡಗಿತು.

ನೆರಳಲ್ಲಿ ಕೂತು ನನ್ನನ್ನು ನೆನೆಯುವವರು ಯಾರಿರಬಹುದು ಎಂದು ಯೋಚಿಸಿದೆ. ನಾದಿನಿ ಮಹದೇವಿಯ ಗಂಡ? ಅವನಿಗೆ ತನ್ನ ಹೊರತು ಬೇರೆಯವರ ನೆನಪಿರುವುದಿಲ್ಲ. ಸ್ಕೂಲಿನವರು ಕೆಲಸ ಬಿಡಿಸಿದ ಹಳೆಯ ಡ್ರೈವರು? ಅವನು ಬೈದುಕೊಳ್ಳುವುದಾದರೆ ನನ್ನನ್ನಲ್ಲ, ಕಮಿಟಿಯವರನ್ನು. ಅಷ್ಟರಲ್ಲಿ ಕೆರೆಯ ನೀರು ಏರಿಯ ಮೇಲಕ್ಕೆ ಬಂದು ನನ್ನ ಕಾಲ ಬಳಿ ಕೂತಿದೆ ಅನ್ನಿಸಿತು. ಕಾಲೆತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡೆ. ಒಂದು ಕಡೆ ಅಳು, ಇನ್ನೊಂದು ಕಡೆ ನಗು ಬರುತ್ತಿತ್ತು. ಎರಡೂ ಗಂಟಲಲ್ಲಿ ಒಂದಕ್ಕೊಂದು ದಾರಿ ಬಿಡುತ್ತಿರಲಿಲ್ಲ.

ಎರಡನೆಯ ಸಲ ಊದಿದಾಗ ಮಿಷನ್ನು ಇನ್ನೂ ಜೋರಾಗಿ ಕಿರುಚಿತು. ಹವಾಲ್ದಾರ ಗಾಬರಿಯಿಂದ, "ಅಕ್ಕಾರ, ಇಳೀಬೇಕಾದ್ದು ಏರೇತ್ರಿ!" ಅಂದ.

"ಇನ್ನೂ ಕುಡೀತಾವ್ರೆ ಅಂತ ಅರ್ಥ," ಅಂತ ಹಿಂದಿನಿಂದ ಒಂದು ದನಿ ಬಂತು. ನಮ್ಮ ಬೀದಿಯ ಕೆಂಪಾಜಮ್ಮ. ಬಾಡು ಯಾಕೆ ಬರಲಿಲ್ಲ ಎಂದು ಹುಡುಕಿಕೊಂಡು ಕುಕ್ಕೆ ಹಿಡಿದು ಬಂದಿದ್ದಳು. ಅವಳ ಹಿಂದೆ ಬೀದಿಯ ಅರ್ಧ ಹೆಂಗಸರು. ನಾನು ಆ ಸ್ಥಿತಿಯಲ್ಲಿ, ಕಾಲು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು ಕೂತದ್ದನ್ನು ಎಲ್ಲರೂ ನೋಡಿದರು. ಯಾರೂ ನಗಲಿಲ್ಲ. ಹಬ್ಬದ ದಿನ ಇದು ಯಾರಿಗೂ ತಪ್ಪಿದ್ದಲ್ಲ. ಆದರೆ ಎಲ್ಲರ ಕಣ್ಣಲ್ಲೂ ಒಂದೇ ಪ್ರಶ್ನೆಯಿತ್ತು. ಯಾರು?

ಕೆಂಪಾಜಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಜಯಕ್ಕಾ, ಮೈಕಲ್ಲಿ ಕೂಗ್ಸು. ಅವನ್ಯಾವನೋ ಹಿಂಗೇ ಕುಡೀತಾ ಹೋದ್ರೆ ಸಾಯಂಕಾಲಕ್ಕೆ ನಿನ್ನ ಆಸ್ಪತ್ರೆಗೆ ಹೊರ್ಬೇಕಾಯ್ತದೆ."

"ಬೇಡ ಕಣೇ. ಏನಂದ್ಕೊತಾರೆ."

"ಅಂದ್ಕೊಳ್ಳೋರು ವ್ಯಾನು ಓಡುಸ್ಕೊಟ್ಟಾರಾ?"

ಆ ಮಾತು ನನ್ನ ತಲೆಯೊಳಗೆ ಸುಮಾರು ಹೊತ್ತು ಸುತ್ತಾಡಿ ಕೊನೆಗೊಂದು ಕಡೆ ಕೂತಿತು. ಹೂಂ ಅಂದೆ. ಹೂಂ ಅಂದದ್ದು ಸರಿಯೋ ತಪ್ಪೋ ಎಂದು ಯೋಚಿಸುವಷ್ಟರಲ್ಲಿ ಪೊಲೀಸರ ಆಟೋ ಹೊರಟುಬಿಟ್ಟಿತ್ತು. ಕೆರೆಯಾಚೆಯಿಂದ, ಪೇಟೆಬೀದಿಯಿಂದ, ಆಮೇಲೆ ಹಳೇ ಕೋಟೆಯ ಕಡೆಯಿಂದ ಅದರ ದನಿ ಕೇಳಿಸುತ್ತಿತ್ತು.

"ದಿವಂಗತ ಮರಿಸ್ವಾಮಿಯವರ ಧರ್ಮಪತ್ನಿ, ಸ್ಕೂಲ್ ವ್ಯಾನ್ ಚಾಲಕಿ ಶ್ರೀಮತಿ ಜಯಶೀಲ ಅವರನ್ನು ನೆನೆದು ಕುಡಿಯುತ್ತಿರುವವರು ತಕ್ಷಣ ಲೋಟ ಕೆಳಗಿಟ್ಟು ಕೆರೆ ಏರಿಗೆ ಬರಬೇಕು. ಬಂದವರನ್ನು ಗೌರವದಿಂದ ನಡೆಸಿಕೊಳ್ಳಲಾಗುವುದು."

ನನ್ನ ಹೆಸರನ್ನು ಅಷ್ಟು ದೊಡ್ಡದಾಗಿ ನಾನೆಂದೂ ಕೇಳಿರಲಿಲ್ಲ. ಬೇರೆ ಯಾರದೋ ಹೆಸರಿನ ಹಾಗೆ, ಸ್ವಲ್ಪ ಚೆನ್ನಾಗಿಯೇ ಇತ್ತು. ಯಾರೂ ಬರಲಿಲ್ಲ. ಹೆಂಗಸರು ತಮ್ಮ ತಮ್ಮ ಪಾಲಿನ ಬಾಡು ಎತ್ತಿಕೊಂಡು, ಹೋಗಲು ಮನಸ್ಸಿಲ್ಲದೆ ಅಲ್ಲೇ ಅತ್ತಿತ್ತ ಮಾಡುತ್ತಿದ್ದರು. ಆಟೋ ಎರಡನೆಯ ಸುತ್ತು ಹೊರಟಿತು. ಈ ಸಲ ನನಗೆ ನನ್ನ ಹೆಸರು ಕೇಳಲಾಗಲಿಲ್ಲ. ಸೆರಗಿನಿಂದ ಕಿವಿ ಮುಚ್ಚಿಕೊಂಡೆ.

ಹವಾಲ್ದಾರ ಮೂರನೆಯ ಸಲ ಊದಿಸಿದ. "ಏರಿಲ್ರಿ," ಅಂದ. "ಅಲ್ಲೇ ನಿಂತೇತಿ. ಯಾರೋ ಲೋಟ ಕೆಳಗಿಟ್ಟಾರ."

ಆಗ ಏರಿಯ ಆ ತುದಿಯಲ್ಲಿ ಒಂದು ಸೈಕಲ್ಲು ಕಾಣಿಸಿತು. ಅಷ್ಟು ನೆಟ್ಟಗೆ ಬರುವ ಸೈಕಲ್ಲನ್ನು ನಾನು ನೋಡಿರಲಿಲ್ಲ. ಹತ್ತಿರ ಬಂದ ಮೇಲೆ ಚಲುವರಾಜು ಮೇಷ್ಟ್ರು ಎಂದು ಗೊತ್ತಾಯಿತು. ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ತೀರಿಕೊಂಡು ಬಹಳ ವರ್ಷವಾದವರು. ದಿನಾ ಬೆಳಗ್ಗೆ ನೀರಿನ ಟ್ಯಾಂಕಿನ ಹತ್ತಿರ ವ್ಯಾನು ಹತ್ತಿ ಮುಂದಿನ ಸೀಟಿನಲ್ಲಿ ಕೂರುತ್ತಾರೆ, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಲು ಬರುವವರೆಗೆ ಬಾಯಿ ಬಿಡುವುದಿಲ್ಲ. ಚಳಿಗಾಲದಲ್ಲಿ ಗಾಜಿಗೆ ಮಂಜು ಕವಿದರೆ ತಮ್ಮ ಕರ್ಚೀಫಿನಿಂದ ನನ್ನ ಮುಂದಿನ ಗಾಜನ್ನು ಒರೆಸುತ್ತಾರೆ. ನಮ್ಮಿಬ್ಬರ ನಡುವೆ ನಡೆದ ವ್ಯವಹಾರವೆಂದರೆ ಅಷ್ಟೇ.

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹವಾಲ್ದಾರನ ಮುಂದೆ ಹೋಗಿ ಬಾಯಿ ತೆರೆದರು. ವಾಸನೆ ನನ್ನವರೆಗೂ ಬಂತು. ಮಿಷನ್ನಿನಲ್ಲಿ ಊದಿದರು. ಸೊನ್ನೆ.

"ನಾನೇ," ಅಂದರು.

ಹೆಂಗಸರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಕೆಂಪಾಜಮ್ಮನ ಕುಕ್ಕೆಯಿಂದ ಬಾಡಿನ ರಸ ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯಿರಲಿಲ್ಲ.

"ಎರಡನೇ ಸಲ ಕೂಗಿದಾಗ ಬಂದ್ರಲ್ರೀ," ಹವಾಲ್ದಾರ ಅಂದ. "ಮೊದಲನೇದು ಕೇಳಿಸಲಿಲ್ಲೇನು?"

"ಕೇಳಿಸ್ತು. ಮೊದಲನೇ ಸಲ ಲೋಟ ಕೆಳಗಿಟ್ಟೆ. ಎರಡನೇ ಸಲ ಅಂಗಿ ಹಾಕ್ಕೊಂಡೆ." ಆಮೇಲೆ ನನ್ನ ಕಡೆ ತಿರುಗಿದರು. ತಲೆ ತಗ್ಗಿಸಲಿಲ್ಲ. "ಜಯಶೀಲಮ್ಮ, ನಾನು ಪ್ರತಿ ಹಬ್ಬಕ್ಕೂ ನಮ್ಮ ತಂದೆಯೋರನ್ನ ನೆನೆದೇ ತಗೊಳ್ಳೋದು. ಇವತ್ತೂ ಅವರನ್ನೇ ನೆನೆದು ಶುರು ಮಾಡ್ದೆ. ಮಧ್ಯದಲ್ಲಿ ಏನಾಯ್ತೋ, ನೀವು ಗೇರು ಬದಲಾಯಿಸೋದು ನೆನಪಾಯ್ತು. ಆಮೇಲೆ ತಂದೆಯೋರು ಬರಲೇ ಇಲ್ಲ. ನಿಮಗೆ ತೊಂದರೆ ಆಗುತ್ತೆ ಅಂತ ನನಗೆ ಹೊಳೀಬೇಕಿತ್ತು. ತಪ್ಪಾಯ್ತು."

ನಾನು ಗೇರು ಬದಲಾಯಿಸುವುದು! ಅದರಲ್ಲಿ ನೆನೆಯುವಂಥದ್ದು ಏನಿದೆ ಎಂದು ನನ್ನ ಕೈಯನ್ನೇ ನೋಡಿಕೊಂಡೆ. ಒಂದು ಸಲ ಮೇಷ್ಟ್ರ ಮೇಲೆ ಕೋಪ ಬಂತು. ಒಂದು ಸಲ ಅವರಿಗೆ ಕುರ್ಚಿ ಕೊಡಿ ಎಂದು ಹೇಳಬೇಕೆನ್ನಿಸಿತು. ಮೈಯೊಳಗೆ ಬಿಸಿಯಾಗಿ ಹರಿಯುತ್ತಿದ್ದದ್ದು ಇವರು ನನ್ನನ್ನು ನೆನೆದದ್ದೇ ಎಂದು ತಿಳಿದ ಮೇಲೆ ಅದನ್ನು ಎಲ್ಲಿ ಬಚ್ಚಿಡುವುದೆಂದು ತೋಚಲಿಲ್ಲ. ಸೆರಗು ಹೊದ್ದುಕೊಂಡೆ. ಸೆಕೆಯಾಗಿ ತೆಗೆದೆ.

"ಒಪ್ಪಿಗಿ ಅದೇನ್ರಿ ಅಕ್ಕಾರ?" ಹವಾಲ್ದಾರ ಕೇಳಿದ. "ನೀವು ಹೂಂ ಅಂದ್ರ ಕೇಸು ಇವರ ಮ್ಯಾಲೆ. ಇವರು ಹೊತ್ತು ಮುಳುಗೋತನಕ ಠಾಣೇದಾಗ ಕುಂದರಬೇಕು, ಕೋರ್ಟಿನ್ಯಾಗ ಇಂಥಾಕಿನ್ನ ನೆನೆದು ಕುಡದೆ ಅಂತ ಎಲ್ಲಾರ ಮುಂದ ಹೇಳಬೇಕು."

ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಆಟೋ ಬಂದು ಬ್ಯಾರಿಕೇಡಿಗೆ ತಾಗಿಯೇ ನಿಂತಿತು. ಒಳಗಿನಿಂದ ನಾದಿನಿ ಮಹದೇವಿಯ ಕೂಗಾಟ ಕೇಳಿಸಿತು. "ಅವ್ವಾ ಬೇಡ, ಅವ್ವಾ ಮಾನ ಕಳೀಬೇಡ." ಅವಳ ಕೈಯನ್ನು ಕೊಡವಿಕೊಂಡು ನನ್ನ ಅತ್ತೆ ಹೊಂಬಾಳಮ್ಮ ಇಳಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ಎಲ್ಲರನ್ನೂ ನೋಡಿದರು. ನನ್ನನ್ನು ಬಿಟ್ಟು.

"ಯಾರಪ್ಪಾ ಇಲ್ಲಿ ಪೊಲೀಸಿನೋರು? ಅದು ನಂದು."

"ಏನು ನಿಮ್ದು, ಅಜ್ಜಿ?"

"ಆ ವ್ಯಾನು ಓಡ್ಸೋಳ್ಗೆ ಏರಿರೋದು. ನಾನು ಕುಡ್ದಿದ್ದು."

ಹವಾಲ್ದಾರ ಅವರ ಬಾಯ ಹತ್ತಿರ ಮೂಗು ತಂದು, ಥಟ್ಟನೆ ಹಿಂದೆ ಸರಿದ. ಮಿಷನ್ನು ಕೊಟ್ಟ. ಊದಿದರು. ಸೊನ್ನೆ. ಹವಾಲ್ದಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಇವಳನ್ನ ಬೈಕೊಂಡೇ ಕುಡ್ದೆ," ಅತ್ತೆ ಹೇಳಿದರು. ಹೇಳುತ್ತಿದ್ದದ್ದು ಹವಾಲ್ದಾರನಿಗೆ, ಕೇಳಿಸುತ್ತಿದ್ದದ್ದು ಏರಿಯ ಆ ತುದಿಯವರೆಗೆ. "ಒಂದೊಂದ್ ಗುಟುಕ್ಗೂ ಒಂದೊಂದ್ ಬೈಗ್ಳ. ನನ್ನ ಮಗ ಕೂತಿದ್ ಜಾಗದಲ್ಲಿ ಹೋಗಿ ಕೂತ್ಕೊಂಡ್ಳು ಅಂತ ಬೈದೆ. ಹೆಂಗ್ಸಾಗಿ ಹಾರ್ನ್ ಹೊಡ್ಕೊಂಡು ನನ್ನ ಮಗಳ ಮನೆ ಮುಂದೇನೇ ಹೋಯ್ತಾಳೆ ಅಂತ ಬೈದೆ. ಸಾಕಾ? ಬರ್ಕೊ."

ಮೇಷ್ಟ್ರು ಮೆಲ್ಲಗೆ, "ಅಮ್ಮಾ, ಅದು ನಾನು," ಅಂದರು.

"ನೀನ್ಯಾರಪ್ಪ ನಡುವೆ?" ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ಅವರ ಬಾಯಿಯ ವಾಸನೆ ಹಿಡಿದರು. ನನ್ನ ಕಡೆ ಮೊದಲ ಬಾರಿಗೆ ಕಣ್ಣು ಹಾಯಿಸಿದರು. ಆ ನೋಟದಲ್ಲಿ ಏನಿತ್ತೆಂದು ಹೇಳುವಷ್ಟು ನನ್ನ ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಹವಾಲ್ದಾರ ಬೋರ್ಡಿನ ಹತ್ತಿರ ಹೋಗಿ ಮೊದಲಿನಿಂದ ಓದಿದ. ಇಬ್ಬರು ಬಂದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. "ಕೊನೇ ಸಾಲಿನ್ಯಾಗ ಇತ್ತೇನೋ," ಅಂದ ಅಳುವವನ ಹಾಗೆ. ಬೆಲ್ಲದ ವ್ಯಾಪಾರಿ, "ಹೌದು, ಅದರಲ್ಲೇ ಇತ್ತು, ಇಬ್ಬರು ಬಂದ್ರೆ ಹಿರಿಯರು," ಅಂದರು. "ಮುಂಚೆ ಹೊಡೀಬಹುದು ಅಂತಿತ್ತು ಅಂದ್ರಲ್ಲ," ಎಂದು ಕೆಂಪಾಜಮ್ಮ ಜಗಳಕ್ಕೆ ನಿಂತಳು. ಕೊನೆಗೆ ಹವಾಲ್ದಾರ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಅಕ್ಕಾರ, ಒಂದು ಕೇಸಿಗೆ ಒಬ್ಬರಽ. ಹಕ್ಕು ನಿಮ್ದು. ಯಾರಂತ ನೀವಽ ಹೇಳ್ರಿ," ಅಂದ.

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಮೇಷ್ಟ್ರು ಎಂದರೆ ಕೇಸು ಹೋಗುತ್ತದೆ, ಆದರೆ ಅದರ ಜೊತೆಗೆ ನಾನು ಇನ್ನೇನನ್ನೋ ಒಪ್ಪಿಕೊಂಡ ಹಾಗಾಗುತ್ತದೆ. ಅದು ಏನೆಂದು ನನಗೆ ಇನ್ನೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅತ್ತೆ ಎಂದರೆ ಆ ವಯಸ್ಸಿನ ಹೆಂಗಸನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬೇಕು. ಆದರೆ ಬೈಗುಳವನ್ನು ಹೇಗೆ ತೆಗೆದುಕೊಳ್ಳಬೇಕೆಂದು ನನಗೆ ಗೊತ್ತಿತ್ತು. ಇನ್ನೊಂದನ್ನು ಯಾವ ಕೈಯಿಂದ ತೆಗೆದುಕೊಳ್ಳಬೇಕೆಂದು ಗೊತ್ತಿರಲಿಲ್ಲ.

"ನಮ್ಮತ್ತೆ," ಅಂದೆ.

ಮಹದೇವಿ ಜೋರಾಗಿ ಅಳತೊಡಗಿದಳು. ಅತ್ತೆ ಗೆದ್ದವರ ಹಾಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮೇಷ್ಟ್ರು ಅಂಗಿಯ ತೋಳು ಮಡಚಿಕೊಂಡರು. ಆಮೇಲೆ, "ಆಯ್ತು. ವ್ಯಾನು ಬಿಸಿಲಲ್ಲಿದೆ, ನೆರಳಿಗೆ ತಳ್ಳಿಸ್ತೀನಿ," ಅಂದರು. ನಮ್ಮ ಬೀದಿಯ ಹೆಂಗಸರು ಕುಕ್ಕೆಗಳನ್ನು ಕೆಳಗಿಟ್ಟು ಕೈಜೋಡಿಸಿದರು. ನನಗೆ ಕಂಡಂತೆ ವ್ಯಾನು ತಾನಾಗಿಯೇ ಹುಣಸೆಮರದ ಕಡೆ ನಡೆದುಹೋಯಿತು, ಹಿಂದೆ ಮೇಷ್ಟ್ರ ಬಿಳಿ ಅಂಗಿ ಬೆನ್ನ ಮೇಲೆ ಪೂರ್ತಿ ಒದ್ದೆಯಾಗಿತ್ತು.

ಅತ್ತೆಯನ್ನು ಜೀಪಿನಲ್ಲಿ ಠಾಣೆಗೆ ಕರೆದೊಯ್ಯುವಾಗ ನಾನೂ ಹತ್ತಿದೆ. ನೀವು ಬರಬೇಕಾಗಿಲ್ಲ ಎಂದ ಹವಾಲ್ದಾರ. ಅದೂ ನನ್ನ ಹಕ್ಕೇ ಅಲ್ಲವೇ ಅಂದೆ. ಅವನಿಗೆ ಜಗಳಾಡುವ ಶಕ್ತಿ ಉಳಿದಿರಲಿಲ್ಲ. ಅವನೂ ಸ್ವಲ್ಪ ತೂಗಾಡತೊಡಗಿದ್ದ. ಬೆಳಗ್ಗೆ ಬಿಟ್ಟು ಕಳಿಸಿದ ಯಾರೋ ಮನೆಗೆ ಹೋಗಿ ಅವನ ಮುಖವನ್ನು ನೆನಪಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ.

ಠಾಣೆಯ ಹಿಂದಿನ ಪಡಸಾಲೆಯಲ್ಲಿ ಒಪ್ಪಿಕೊಂಡವರೆಲ್ಲ ಸಾಲಾಗಿ ಕೂತಿದ್ದರು. ಎಲ್ಲರ ಬಾಯಲ್ಲೂ ವಾಸನೆ, ಎಲ್ಲರ ಮುಖವೂ ಪರೀಕ್ಷೆ ಬರೆಯುವವರ ಹಾಗೆ ಸ್ಪಷ್ಟ. ನಾವಿಬ್ಬರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತೆವು, ನಡುವೆ ಒಂದು ಮಗು ಕೂರುವಷ್ಟು ಜಾಗ ಬಿಟ್ಟು. ಬಹಳ ಹೊತ್ತು ಅತ್ತೆ ಗೋಡೆ ನೋಡುತ್ತಿದ್ದರು. ನಾನು ಗೋಡೆಯನ್ನು ಅಲುಗಾಡದ ಹಾಗೆ ನಿಲ್ಲಿಸುವ ಪ್ರಯತ್ನದಲ್ಲಿದ್ದೆ.

"ಆ ಮೇಷ್ಟ್ರು ಸುಳ್ಳು ಹೇಳ್ನಿಲ್ಲ ಕಣೇ," ಅಂದರು.

ನನ್ನೊಡನೆಯೇ ಮಾತಾಡಿದ್ದೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಿಮಗೆ ಹೆಂಗೊತ್ತು ಅತ್ತೆ?"

"ನಾನು ಹೇಳಿದ್ದು ಸುಳ್ಳಾದ್ರಿಂದ."

ಗೋಡೆ ಕೈತಪ್ಪಿ ಹೋಯಿತು.

"ನಾನೆಲ್ಲಿ ಕುಡ್ದೆ? ಹುಟ್ಟಿದಾಗಿಂದ ಮುಟ್ಟಿಲ್ಲ. ಮಾದೇವಿ ಗಂಡಂದು ಸೀಸೆ ಅಡುಗೆಮನೆ ಕಿಟ್ಕೀಲಿತ್ತು. ಬಾಯಿ ಮುಕ್ಕಳ್ಸಿ ಉಗ್ದು ಬಂದೆ. ಥೂ, ಬೇವಿನ ಕಷಾಯನೇ ವಾಸಿ."

"ಯಾಕತ್ತೆ?"

"ಮೈಕಲ್ಲಿ ನಿನ್ನ ಹೆಸ್ರು ಕೂಗ್ಕೊಂಡು ಹೋದ್ರು. ಸರಿ, ಯಾರೋ ಹೋಯ್ತಾರೆ ಅಂದ್ಕೊಂಡೆ. ಆಮ್ಯಾಕೆ ತಿರುಗಾ ಬಂತು. ಯಾರೂ ಹೋಗ್ನಿಲ್ಲ ಅಂದ್ರೆ ತಾನೆ ತಿರುಗಾ ಕೂಗೋದು?" ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಈವಮ್ಮನ್ನ ನೆನೆಸ್ಕೊಳ್ಳೋರು ಊರಲ್ಲಿ ಒಬ್ರೂ ಇಲ್ಲ ಅಂತ ಆಗ್ಬಾರ್ದು ಅಂತ."

ಹಾಗಾದರೆ ನನ್ನೊಳಗೆ ಇನ್ನೂ ಸುತ್ತುತ್ತಿದ್ದದ್ದು ಮೇಷ್ಟ್ರದೇ, ಅಷ್ಟೂ. ಅದನ್ನು ಬೇಡವೆಂದು ಬಂದು ಕೂತಿದ್ದೆ, ಅದು ನನ್ನನ್ನು ಬಿಟ್ಟಿರಲಿಲ್ಲ. ಕುಡಿಯದೆ ಬಂದವರು ಪಕ್ಕದಲ್ಲಿದ್ದರು. ಅಥವಾ ಅತ್ತೆ ಆಗ ಹೇಳಿದ್ದೇ ನಿಜವಾಗಿ, ಈಗ ಹೇಳುತ್ತಿರುವುದೇ ಸುಳ್ಳೋ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಯಾವುದು ಯಾವುದೆಂದು ಮರೆತುಹೋಯಿತು.

"ಮತ್ತೆ ಎಲ್ಲರ ಮುಂದೆ ಬೈಕೊಂಡು ಕುಡ್ದೆ ಅಂದ್ರಲ್ಲ."

"ಒಳ್ಳೇದು ನೆನೆಸ್ಕೊಂಡು ಕುಡ್ದೆ ಅಂದಿದ್ರೆ ಯಾರು ನಂಬೋರು?"

ಗಂಟಲಲ್ಲಿ ಬೆಳಗ್ಗೆಯಿಂದ ಸಿಕ್ಕಿಕೊಂಡಿದ್ದ ಎರಡರಲ್ಲಿ ನಗು ಮೊದಲು ಹೊರಗೆ ಬಂತು. ಇನ್ನೊಂದು ಅದರ ಹಿಂದೆಯೇ ಬಂತು. ಎದುರು ಸಾಲಿನವರೆಲ್ಲ ತಿರುಗಿ ನೋಡಿದರು. ಅತ್ತೆ ಅವರಿಗೆ, "ಹಬ್ಬ ಕಣ್ರಪ್ಪಾ, ಅದ್ಕೇ," ಎಂದು ಸಮಾಧಾನ ಹೇಳಿ, ನನ್ನ ಮುಖವನ್ನೇ ನೋಡುತ್ತ ಕೂತರು.

"ಹೆಂಗಿರ್ತದೆ ಅದು?" ಅಂದರು. "ಏರಿದ್ರೆ?"

ಹೇಗೆ ಹೇಳುವುದು. ಕಣ್ಣು ಮುಚ್ಚಿ ಒಳಗೆ ಹುಡುಕಿದೆ. "ನೆಲ ಬಾಳ ಕೆಳಗೈತೆ ಅನ್ನಿಸ್ತದೆ ಅತ್ತೆ. ಆದ್ರೆ ಬಿದ್ರೂ ನೋಯಕಿಲ್ಲ ಅನ್ನಿಸ್ತದೆ."

ಅವರು ಅದನ್ನು ಯೋಚಿಸಿದರು. ಆಮೇಲೆ ನಡುವೆ ಬಿಟ್ಟ ಜಾಗವನ್ನು ದಾಟಿ ನನ್ನ ಪಕ್ಕಕ್ಕೆ ಸರಿದು, ತಮ್ಮ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಸುತ್ತು ಹಾಕಿ ಬಿಗಿಯಾಗಿ ಹಿಡಿದುಕೊಂಡರು.

"ಆದ್ರೂ ಬೀಳ್ಬ್ಯಾಡ," ಅಂದರು.